ಮಸಲ್ ಕಾರಿನ ಬಲಗಡೆ ಸೀಟು

ಚೆನ್ನೈ ಅಡ್ಯಾರಿನ ಜಯಲಕ್ಷ್ಮೀ ಒಂದು ದಿನವೂ ಸ್ಟಿಯರಿಂಗ್ ಮುಟ್ಟಿದವರಲ್ಲ. ಆದರೂ ಅವರ ಮನೆಯ ಕಾರು ಅರ್ಧ ಓಡುತ್ತಿದ್ದುದು ಅವರ ಬಾಯಿಂದ.

ಅದು ಅರವತ್ತರ ದಶಕದ ಅಮೆರಿಕನ್ ಮಸಲ್ ಕಾರು. ಉದ್ದ ಮೂತಿ, ಎಂಟು ಸಿಲಿಂಡರ್, ಎದ್ದರೆ ಬೀದಿಗೇ ಎಚ್ಚರವಾಗುವ ಸದ್ದು. ವಿಮಾ ಕಂಪನಿಯಿಂದ ನಿವೃತ್ತರಾದ ಗಂಡ ಸಂಜೀವ, ವಡಪಳನಿಯಲ್ಲಿ ಸಿನಿಮಾ ಶೂಟಿಂಗಿಗೆ ಕಾರು ಬಾಡಿಗೆ ಕೊಡುವವರಿಂದ ಅದನ್ನು ಕೊಂಡು ತಂದರು. ಅಲ್ಲಿ ಅದು ಯಾವಾಗಲೂ ವಿಲನ್ನಿನ ಕಾರಾಗಿತ್ತಂತೆ. "ಮನೆಗೆ ಬಂದ ಮೇಲೂ ಪಾತ್ರ ಬದಲಾಗಲಿಲ್ಲ" ಎನ್ನುತ್ತಾರೆ ಜಯಲಕ್ಷ್ಮೀ.

ಅಮೆರಿಕದ ಕಾರಾದ್ದರಿಂದ ಸ್ಟಿಯರಿಂಗ್ ಎಡಗಡೆ. ಓವರ್‌ಟೇಕ್ ಮಾಡುವಾಗ ಎಡಗಡೆ ಕೂತವರಿಗೆ ಮುಂದಿನ ಲಾರಿಯ ಬೆನ್ನು ಬಿಟ್ಟರೆ ಬೇರೇನೂ ಕಾಣದು. ಎದುರಿಂದ ಬಸ್ಸು ಬರುತ್ತಿದೆಯೋ ಇಲ್ಲವೋ ಎಂದು ಹೇಳಬೇಕಾದವರು ಬಲಗಡೆ ಕೂತವರು. ವರ್ಷಗಟ್ಟಲೆ ಜಯಲಕ್ಷ್ಮೀ ಅಲ್ಲಿ ಕೂತು ಎರಡೇ ಮಾತು ಹೇಳಿದರು: "ಇರಿ", "ಹೋಗಿ". ಅವರು "ಇರಿ" ಎಂದಾಗ ಸಂಜೀವ ಸಿಡುಕುತ್ತಿದ್ದರು, "ಹೋಗಿ" ಎಂದಾಗ ನುಗ್ಗುತ್ತಿದ್ದರು. ಹಳೇ ಕಾರುಗಳ ಕ್ಲಬ್ಬಿನ ಗೆಳೆಯರ ಮುಂದೆ ಮಾತ್ರ, "ನನಗೆ ಈ ಗಾಡಿ ಅಂಗೈ ಗೆರೆಯಿದ್ದ ಹಾಗೆ" ಎನ್ನುತ್ತಿದ್ದರು. ಕೈಯಲ್ಲಿ ಕಾಫಿ ಲೋಟ ಹಿಡಿದು ನಿಂತ ಜಯಲಕ್ಷ್ಮೀ, ತಮ್ಮ ಹೆಸರು ಇವತ್ತಾದರೂ ಬಂದೀತೇ ಎಂದು ಕಾಯುತ್ತಿದ್ದರು. ಬಂದದ್ದೇ ಇಲ್ಲ.

ಕಾರು ತಿರುವಿನಲ್ಲಿ ದೋಣಿಯಂತೆ ವಾಲುತ್ತಿತ್ತು ಎನ್ನುವುದು ನಿಜ. ಸ್ಟಿಯರಿಂಗ್ ಚಕ್ರವನ್ನು ಕಾಲು ಸುತ್ತು ತಿರುಗಿಸಿದ ಮೇಲೆ ಕಾರಿಗೆ ವಿಷಯ ತಿಳಿಯುತ್ತಿತ್ತು. ಅದನ್ನು ಸರಿಮಾಡಲು ಬಂದವರು ಗುರುಚರಣ. ವಾರವೆಲ್ಲ ಶೋಳಿಂಗನಲ್ಲೂರಿನ ಐಟಿ ಕಚೇರಿಯಲ್ಲಿ, ರಜೆ ಬಂದರೆ ಕ್ಲಬ್ಬಿನ ಯಾರಾದರೊಬ್ಬರ ಕಾರಿನ ಅಡಿಯಲ್ಲಿ. ಬಿಗಿ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು, ವಾಲದಂತೆ ತಡೆಯುವ ದಪ್ಪ ಕಂಬಿ, ಹೊಸ ಸ್ಟಿಯರಿಂಗ್ ಜೋಡಣೆ ಎಲ್ಲ ಬಂತು. ಕೊನೆಗೆ ಚಕ್ರಗಳನ್ನು ಹೊಂದಿಸುವಾಗ ಗುರುಚರಣ ಒಂದು ಶಾಸ್ತ್ರ ಹೇಳಿದರು. ಓಡಿಸುವವರ ತೂಕ ಸೀಟಿನ ಮೇಲೆ ಇಟ್ಟೇ ಅಲೈನ್‌ಮೆಂಟ್ ಮಾಡಬೇಕಂತೆ.

ಸಂಜೀವ ಅಡುಗೆಮನೆಯಿಂದ ಪೊನ್ನಿ ಅಕ್ಕಿಯ ಮೂಟೆಗಳನ್ನು ಹೊತ್ತು ತಂದು ಎಡಗಡೆ ಸೀಟಿನಲ್ಲಿ ಕೂರಿಸಿದರು. ಬೀಳದಂತೆ ಬೆಲ್ಟೂ ಹಾಕಿದರು.

ಜಯಲಕ್ಷ್ಮೀ ಇಣುಕಿ ನೋಡಿದರು. "ಹೋಲಿಕೆ ಇದೆ. ಸರಿ, ನನ್ನ ಸೀಟಿಗೆ ಏನಿಡ್ತೀರಿ? ತೊಗರಿಬೇಳೆ ತರಲಾ?"

"ಅಲ್ಲಿ ಏನೂ ಬೇಡ ಕಣೇ. ಖಾಲಿ ಅಂತಲೇ ಸೆಟ್ ಮಾಡಿರೋದು."

"ಆಂಟಿ, ಆ ಕಡೆ ತೂಕ ಬಿದ್ರೆ ಚಕ್ರಗಳ ಜಾಮೆಟ್ರಿ ಕೆಡುತ್ತೆ" ಎಂದರು ಗುರುಚರಣ, ತಲೆಯೆತ್ತದೆ.

"ಹಾಗಾದ್ರೆ ನಾನು ಬರೋದು ಬೇಡ?"

"ಈ ಸಲದ ಕ್ಲಬ್ ಡ್ರೈವಿಗೆ ಮಾತ್ರ" ಎಂದರು ಸಂಜೀವ. "ಈಗ ಸ್ಟಿಯರಿಂಗ್ ಎಷ್ಟು ಷಾರ್ಪ್ ಆಗಿದೆ ಗೊತ್ತಾ? ಬೆರಳಲ್ಲಿ ಹೇಳಿದ್ರೆ ಕೇಳುತ್ತೆ."

"ಪರವಾಯಿಲ್ಲೆ. ಈ ಮನೇಲಿ ಹೇಳಿದ ಮಾತು ಕೇಳೋದು ಒಂದಾದ್ರೂ ಬಂತಲ್ಲ."

ಕ್ಲಬ್ಬಿನ ಡ್ರೈವ್ ತಿರುಪ್ಪೋರೂರಿನಿಂದ ಚೆಂಗಲ್ಪಟ್ಟಿಗೆ. ಗುಡ್ಡಗಳ ನಡುವೆ ಬಳುಕುವ ಕಿರಿದಾದ ರಸ್ತೆ, ಮಧ್ಯೆ ಡಿವೈಡರ್ ಇಲ್ಲ. ಹೊಸ ಸ್ಟಿಯರಿಂಗ್ ಮೆರೆಸಲು ಸಂಜೀವ ತಾವೇ ಆರಿಸಿದ ದಾರಿ. ಜಯಲಕ್ಷ್ಮೀ ತಮ್ಮ ಗೆಳತಿ ಅನಸೂಯ ಅವರ ಪುಟ್ಟ ಕಾರಿನಲ್ಲಿ ಹಿಂದೆಯೇ ಹೊರಟರು.

ಮೊದಲ ತಿರುವು ದಾಟುವಷ್ಟರಲ್ಲಿ ಜಲ್ಲಿ ತುಂಬಿದ ಲಾರಿಯೊಂದು ಸಂಜೀವರ ಮುಂದೆ ಸಿಕ್ಕಿತು. ಉಳಿದವರೆಲ್ಲ ಒಬ್ಬೊಬ್ಬರಾಗಿ ದಾಟಿ ಹೋದರು. ಸಂಜೀವರ ಕಾರಿನ ಮೂತಿ ಬಲಕ್ಕೆ ಹೊರಬರುತ್ತಿತ್ತು, ಹಾರ್ನ್ ಕೇಳಿ ಬೆಚ್ಚಿ ಒಳಸೇರುತ್ತಿತ್ತು. ಮತ್ತೆ ಹೊರಕ್ಕೆ, ಮತ್ತೆ ಒಳಕ್ಕೆ. ಒಳಸೇರುವುದು ಮಾತ್ರ ಬಹಳ ಚುರುಕಾಗಿತ್ತು; ಗುರುಚರಣರ ಕೆಲಸಕ್ಕೆ ಹೆಸರಿಡುವಂತಿರಲಿಲ್ಲ.

"ಏನೇ ಇದು, ನಿಮ್ಮವರದು ಆಮೆ ಆಟ?" ಎಂದರು ಅನಸೂಯ.

ಜಯಲಕ್ಷ್ಮಿಯ ಫೋನ್ ಬಡಿದುಕೊಂಡಿತು.

"ಜಯಾ, ಮುಂದೆ ಖಾಲಿ ಇದೆಯಾ ನೋಡೇ."

"ನಾನು ಕೂತಿರೋದೂ ಎಡಗಡೆ. ನನಗೆ ನಿಮ್ಮ ಬೆನ್ನು ಕಾಣುತ್ತೆ, ನಿಮಗೆ ಲಾರಿ ಬೆನ್ನು. ಫೋನ್ ಇಟ್ಟು ಎರಡು ಕೈಯಲ್ಲೂ ಹಿಡ್ಕೊಳ್ಳಿ."

ರಸ್ತೆ ನೇರವಾದ ಕಡೆ ಅನಸೂಯ ಮುಂದೆ ನೋಡಿ, ಕಾರು ಮತ್ತು ಲಾರಿ ಎರಡನ್ನೂ ದಾಟಿದರು. ಒಂದು ಕ್ಷಣ ಗಂಡ ಹೆಂಡತಿ ಅಕ್ಕಪಕ್ಕದಲ್ಲಿದ್ದರು, ನಡುವೆ ಆ ಖಾಲಿ ಸೀಟು. ಜಯಲಕ್ಷ್ಮೀ ತಿರುಗಿ ನೋಡಲಿಲ್ಲ.

ಚೆಂಗಲ್ಪಟ್ಟಿನ ಹೋಟೆಲಿನಲ್ಲಿ ಎಲ್ಲರ ಪೊಂಗಲ್ ಮುಗಿದು ಎರಡನೇ ಕಾಫಿ ಬಂದಾಗ ಸಂಜೀವ ಬೆವರೊರೆಸಿಕೊಳ್ಳುತ್ತ ಒಳಗೆ ಬಂದರು.

"ಸಾರ್, ತಿರುವಿನಲ್ಲಿ ಹೇಗಿತ್ತು?" ಎಂದು ಗುರುಚರಣ ಎದ್ದೇ ನಿಂತರು.

"ಎಲ್ಲಿ ತಿರುವು? ಲಾರಿ ಹೋದ ಕಡೆ ಹೋದೆ."

ಮೇಜಿನ ಸುತ್ತ ನಗು. ಜಯಲಕ್ಷ್ಮೀ ಮಾತ್ರ ನಗದೆ ಗಂಡನ ಮುಖವನ್ನೇ ನೋಡಿದರು. ಹೆಂಡತಿಯಿಲ್ಲದೆ ಆಗಲಿಲ್ಲ ಎಂದು ಹೇಳುವುದಕ್ಕೆ ಅವರಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಕೇಳಲು ಕ್ಲಬ್ಬೇ ಕೂತಿದೆ.

ಸಂಜೀವ ಗಂಟಲು ಸರಿಮಾಡಿಕೊಂಡರು. "ವಾಪಸ್ ಹೋಗುವಾಗ ಇವಳೂ ಬರಲಿ. ಸ್ವಲ್ಪ ಕಂಪನಿ ಇರುತ್ತೆ."

"ಕಂಪನಿಗೆ ರೇಡಿಯೋ ಹಾಕ್ಕೊಳ್ಳಿ" ಎಂದು ಜಯಲಕ್ಷ್ಮೀ ಕೈ ತೊಳೆಯಲು ಎದ್ದರು.

ಸಂಜೀವ ಅಂದು ಚೆನ್ನೈಗೆ ನೇರ ಹೋಗುವ ದೊಡ್ಡ ಹೆದ್ದಾರಿ ಹಿಡಿದು ಮನೆ ಸೇರಿದರು. ಅಲ್ಲಿ ಡಿವೈಡರ್ ಇದೆ, ಎದುರಿನ ಬಸ್ಸಿನ ಭಯವಿಲ್ಲ, ತಿರುವೂ ಇಲ್ಲ. ಈಗಲೂ ಅವರು ಅಂಥ ರಸ್ತೆಗಳನ್ನೇ ಹುಡುಕುತ್ತಾರೆ. ಜಯಲಕ್ಷ್ಮೀ ಆ ಕಾರಿನಲ್ಲಿ ಮತ್ತೆ ಕೂತಿಲ್ಲ. ಸಂಜೀವ ಕರೆದಿಲ್ಲವೆಂದಲ್ಲ, ಆಗಾಗ ಕರೆಯುತ್ತಾರೆ; ಕರೆಯುವ ರೀತಿ ಇನ್ನೂ ರಿಪೇರಿಯಾಗಿಲ್ಲ.