ಮೇಯಲು ಹೋಗಿದ್ದ ಲಾಕರಿನ ಕೀಲಿ

೧೯೫೬ರ ದೀಪಾವಳಿ ಕಳೆದು ಹದಿನೈದು ದಿನವಾಗಿರಬೇಕು. ನಾನಾಗ ಸೊಲ್ಲಾಪುರದ ಒಂದು ಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಹಳ್ಳಿಯೊಂದರಲ್ಲಿ ಮಣ್ಣಿನ ಗೋಡೆಗೆ ಕನ್ನ ಹಾಕಿ ಬಂಗಾರ ಕದ್ದ ಸುದ್ದಿ ಬರೆಯಲು ಹೋದವನು, ಕೆಲಸ ಮುಗಿಸಿ ಹತ್ತಿರದ ಬೋರಾಮಣಿಯಲ್ಲಿದ್ದ ನನ್ನ ಸೋದರತ್ತೆ ಮಾಯವ್ವನ ಮನೆಗೆ ಹೋದೆ.

ಅತ್ತೆ ವಿಧವೆ. ಒಬ್ಬಳೇ ಮಗಳು ಕಾಶಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವಳು ಬಿಟ್ಟುಹೋದ ಕೂಸು ರುಕ್ಮಾಳನ್ನು ಅತ್ತೆಯೇ ಸಾಕಿದ್ದಳು. ಕಾಶಿಯ ಕೊರಳಲ್ಲಿದ್ದ ಬಂಗಾರದ ಗುಂಡಿನ ಸರವನ್ನು ರುಕ್ಮಾಳ ಮದುವೆಗೆ ಹಾಕಬೇಕು ಎಂಬುದು ಆಕೆಯ ಒಂದೇ ಆಸೆ. ಆಗ ಆ ಸರ ಜೋಳದ ಕಣಜದ ತಳದಲ್ಲಿತ್ತು. ಕಳವಿನ ಸುದ್ದಿ ಹೇಳಿ, ಬ್ಯಾಂಕಿನಲ್ಲಿ ಲಾಕರ್ ತೆಗೆದು ಅದರಲ್ಲಿಡು ಎಂದೆ.

ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಕಳ್ಳರ ಅಂಜಿಕಿ ಇಲ್ಲೋ ತಮ್ಮಾ ನನಗ. ನಮ್ಮ ಮಾಳಪ್ಪ ಎರಡ ಸಲ ಕೇಳ್ಯಾನ, 'ವೈನಿ, ಕಾಶಿ ಸರ ಐತಿಲ್ಲ?' ಅಂತ. ಅವನ ಕಣ್ಣು ಅದರ ಮ್ಯಾಲ ಬಿದ್ದಾವ."

ಮಾಳಪ್ಪ ಆಕೆಯ ಮೈದುನ. ಮನೆಯ ಕುರಿಹಿಂಡನ್ನು ಮೇಯಿಸುವವನು, ಮಾತು ಕಡಿಮೆ. ಇರಬಹುದು ಎಂದುಕೊಂಡು ನಾನು ತಲೆಯಾಡಿಸಿದೆ.

ಮುಂದಿನ ವಾರ ಅವನಿಗೆ ತಿಳಿಯದಂತೆ ಅತ್ತೆಯನ್ನು ಸೊಲ್ಲಾಪುರದ ಬ್ಯಾಂಕಿಗೆ ಕರೆದುಕೊಂಡು ಹೋದೆ. ಅಲ್ಲಿನ ಅಧಿಕಾರಿ ಮರಾಠಿಯವರು, ಕನ್ನಡ ಬರುತ್ತಿತ್ತು. ಲಾಕರಿಗೆ ಎರಡು ಕೀಲಿ ಬೇಕು, ಒಂದು ಬ್ಯಾಂಕಿನದು, ಇನ್ನೊಂದು ನಿಮ್ಮದು, ಒಂದರಿಂದಲೇ ತೆಗೆಯಲು ಬರುವುದಿಲ್ಲ, ನಿಮ್ಮ ಕೀಲಿಯ ಜೋಡಿ ನಮ್ಮ ಹತ್ತಿರ ಇರುವುದಿಲ್ಲ, ಒಳಗೆ ಏನಿಡುತ್ತೀರಿ ಎಂದು ನಾವು ನೋಡುವುದೂ ಇಲ್ಲ ಎಂದು ಬಿಡಿಸಿ ಹೇಳಿದರು.

"ಏನಿಟ್ಟೀನಿ ಅಂತ ನೀವು ನೋಡೂದಿಲ್ಲ. ನಾಳೆ ಅದು ಹೋದ್ರ ಯಾರನ್ನ ಕೇಳ್ಲಿ?" ಎಂದಳು ಅತ್ತೆ.

"ಆಜಿಬಾಯಿ, ಇದು ಉಕ್ಕಿನ ಕೋಣಿ. ಎಲ್ಲಿ ಹೋಗತದ?"

"ಕೋಣಿ ನೀವು ಕಾಯ್ತೀರಿ, ಖರೆ. ನನ್ನ ಕೀಲಿ ಯಾರು ಕಾಯಬೇಕು?"

"ಅದು ಮಾತ್ರ ನೀವೇ," ಎಂದು ಅವರು ನಕ್ಕರು. ಅತ್ತೆ ನಗಲಿಲ್ಲ. ಸರವನ್ನು ಲಾಕರಿನಲ್ಲಿಟ್ಟು, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಊರಿಗೆ ಹೋದಳು.

ಮರುವರ್ಷ ವೈಶಾಖದಲ್ಲಿ ರುಕ್ಮಾಳ ಮದುವೆ ಗೊತ್ತಾಯಿತು. ಮದುವೆಗೆ ನಾಲ್ಕು ದಿನ ಇರುವಾಗ ಅತ್ತೆ ಮುಂಜಾನೆಯೇ ವಿಜಾಪುರ ರಸ್ತೆಯ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಖ ಬಾಡಿತ್ತು.

"ಕೀಲಿ ಕಳೀತೇನು?" ಎಂದೆ.

"ಕಳದಿಲ್ಲ. ಮೇಯಾಕ ಹೋಗೇತಿ."

ನನಗೆ ಅರ್ಥವಾಗಲಿಲ್ಲ. ಒಂದು ತಂಬಿಗೆ ನೀರು ಕುಡಿದು ಆಕೆ ಹೇಳಿದ್ದು ಇಷ್ಟು. ಅವರ ಹಿಂಡಿನಲ್ಲಿ ಬೀರೋಬನಿಗೆ ಬಿಟ್ಟ ಒಂದು ಟಗರು ಇದೆ. ದೇವರಿಗೆ ಬಿಟ್ಟ ಟಗರನ್ನು ಕಡಿಯುವುದಿಲ್ಲ, ಮಾರುವುದಿಲ್ಲ. ಆ ಭಾಗದ ಕಳ್ಳನೂ ಅದರ ಮೈಮೇಲೆ ಕೈ ಹಾಕುವುದಿಲ್ಲ. ಮನೆಯಲ್ಲಿಟ್ಟರೆ ಮಾಳಪ್ಪನ ಕೈಗೆ ಸಿಕ್ಕೀತೆಂದು ಅತ್ತೆ ಕೀಲಿಯನ್ನು ಆ ಟಗರಿನ ಕೊರಳ ಉಣ್ಣೆಯ ಪಟ್ಟಿಯಲ್ಲಿ, ಗಂಟೆಯ ಪಕ್ಕದಲ್ಲಿ ಕಟ್ಟಿದ್ದಳು. ಹಿಂಡು ಪ್ರತಿವರ್ಷ ಬೋರಾಮಣಿಯ ಹುಲ್ಲುಗಾವಲಲ್ಲೇ ಇರುತ್ತಿತ್ತು. ಈ ಸಲ ಅಕ್ಕಲಕೋಟದ ಗೌಡರೊಬ್ಬರು ಗೊಬ್ಬರಕ್ಕಾಗಿ ತಮ್ಮ ಹೊಲಗಳಲ್ಲಿ ಕುರಿ ಕೂಡಿಸಲು ಕರೆದಿದ್ದರು. ಆಕೆ ತವರಿಗೆ ಹೋಗಿದ್ದಾಗ ಮಾಳಪ್ಪ ಹಿಂಡು ಹೊಡೆದುಕೊಂಡು ಹೋಗಿಬಿಟ್ಟಿದ್ದ.

ನಾನು ಬ್ಯಾಂಕಿಗೆ ಹೋಗಿ ಕೇಳಿದೆ. ಕೀಲಿ ಇಲ್ಲದಿದ್ದರೆ ಮುಂಬೈಯಿಂದ ತಿಜೋರಿ ಕಂಪನಿಯವನು ಬಂದು ಬೀಗ ಕೊರೆಯಬೇಕು, ಕಡಿಮೆಯೆಂದರೆ ಮೂರು ವಾರ ಎಂದರು. ಹಿಂತಿರುಗಿ ಬಂದು ಅತ್ತೆಗೆ ಹೇಳಿದೆ.

"ಬರಿ ಕೊಳ್ಳಲೆ ಹೆಂಗ ಕಳಸಲೋ ಕೂಸಿನ್ನ? ಅವರವ್ವನ ಗುರುತು ಅದೊಂದ ಐತಿ. ನೀ ಹೋಗಿ ತಗೊಂಡ ಬಾ. ಮಾಳಪ್ಪಗ ಮಾತ್ರ ಗೊತ್ತಾಗಬಾರದು ನೋಡು."

ಎಸ್.ಟಿ. ಮೋಟಾರಿನಲ್ಲಿ ಅಕ್ಕಲಕೋಟಕ್ಕೆ ಹೋದೆ. ಸಂತೆ ಕಟ್ಟೆಯ ಹತ್ತಿರ ವಿಚಾರಿಸಿದರೆ ಬೋರಾಮಣಿ ಮಾಳಪ್ಪನ ಹಿಂಡು ಎರಡು ಮೈಲಿಯ ಆಚೆ ಇದೆ ಎಂದರು. ಬಿಸಿಲಲ್ಲಿ ನಡೆದೆ. ಕೊಯ್ಲಾದ ಕರಿನೆಲದ ಹೊಲದಲ್ಲಿ ಕುರಿಗಳು ಬೇವಿನ ಮರದ ನೆರಳಿಗೆ ತಲೆ ಹಾಕಿ ನಿಂತಿದ್ದವು. ಮಾಳಪ್ಪ ಕಂಬಳಿಯ ಮೇಲೆ ಮಲಗಿದ್ದ. ಒಳ್ಳೆಯದಾಯಿತು ಎಂದುಕೊಂಡು ಹಿಂದಿನಿಂದ ಟಗರಿನ ಹತ್ತಿರ ಹೋಗಿ ಕೊರಳಿಗೆ ಕೈ ಹಾಕಿದೆ. ಅದು ಒಮ್ಮೆ ನೋಡಿತು, ಎರಡು ಹೆಜ್ಜೆ ಹಿಂದೆ ಸರಿಯಿತು. ಮುಂದಿನ ಗಳಿಗೆಯಲ್ಲಿ ನಾನು ಹೆಂಟೆಗಳ ಮೇಲೆ ಅಂಗಾತ ಬಿದ್ದಿದ್ದೆ.

"ಏನ್ರಿ ಪೇಪರ್ ಸಾಹೇಬ್ರ, ಟಗರಿನ ಕಡಿಂದ ಏನ್ ಸುದ್ದಿ ತಗೊಳ್ಳಾಕತ್ತೀರಿ?"

ಮಾಳಪ್ಪ ಎದ್ದು ಕುಳಿತಿದ್ದ. ನಾನು ಧೂಳು ಕೊಡವಿಕೊಂಡು, ನಾಚಿಕೆ ಬಿಟ್ಟು ಇನ್ನೊಮ್ಮೆ ಪಟ್ಟಿಯ ಕಡೆ ನೋಡಿದೆ. ಗಂಟೆ ಇತ್ತು, ಕೀಲಿ ಇರಲಿಲ್ಲ.

ಅವನು ನನ್ನನ್ನೇ ನೋಡುತ್ತಿದ್ದ. ಆಮೇಲೆ ಅಂಗಿ ಎತ್ತಿ ಉಡಿದಾರ ತೋರಿಸಿದ. ಕೀಲಿ ಅಲ್ಲಿ ತೂಗುತ್ತಿತ್ತು.

"ಇದನ್ನ ಹುಡುಕಾಕತ್ತೀರೇನು? ಗಂಟಿಗಿ ಬಡಿದು ನಾದ ಒಡೀತಿತ್ತು. ನಾದ ಒಡದ್ರ ಕುರಿ ಟಗರಿನ ಬೆನ್ನ ಹತ್ತಾಂಗಿಲ್ಲ. ಅದಕ್ಕ ಬಿಚ್ಚಿ ನಾ ಕಟಗೊಂಡೆ. ಜಂಗು ಹಿಡದೀತಂತ ವಾರಕ್ಕೊಮ್ಮಿ ಕುಸುಬಿ ಎಣ್ಣಿ ಹಚ್ಚಿ ಒರಸ್ತೀನಿ."

"ಯಾವದರ ಕೀಲಿ ಅಂತ ಗೊತ್ತೇನು ಮಾಮಾ?"

"ಗೊತ್ತಿಲ್ಲ. ವೈನಿ ಕಟ್ಟ್ಯಾಳ, ಗಂಟು ನೋಡಿದ್ರ ಗೊತ್ತಾಗತೈತಿ. ವೈನಿ ಕಟ್ಟ್ಯಾಳಂದ ಮ್ಯಾಲ ಏನಾರ ಇರಬೇಕು."

ಅವನ ಮುಂದೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಬ್ಯಾಂಕು, ಲಾಕರು, ಸರ ಎಲ್ಲ ಹೇಳಿದೆ. ಯಾರಿಗೆ ಹೆದರಿ ಮುಚ್ಚಿಟ್ಟಳು ಎಂಬುದನ್ನು ಮಾತ್ರ ಬಿಟ್ಟೆ. ಅವನಿಗೆ ಅದೂ ತಿಳಿಯಿತು.

"ನಾ ಎರಡ ಸಲ ಕೇಳಿದ್ದು ಖರೆ. ಹುಡಿಗಿ ಲಗ್ನ ಹತ್ತರ ಬಂತಲ್ಲ. ಸರ ಇದ್ರ ಸರಿ, ಇಲ್ಲಂದ್ರ ನನ್ನ ಪಾಲಿನ ಕುರಿ ಕೊಟ್ಟು ಅಂಥಾದ ಒಂದ ಮಾಡಸಬೇಕಂತಿದ್ದೆ."

ಉಡಿದಾರದಿಂದ ಕೀಲಿ ಬಿಚ್ಚಿ ನನ್ನ ಕೈಗಿಟ್ಟ. ನಾನು ಹೊರಟಾಗ ಹಿಂದೆಯೇ ಬಂದು ಹೇಳಿದ: "ಟಗರಿನ ಕೊಳ್ಳಾಗ ಸಿಕ್ತು ಅಂತ ಹೇಳ್ರಿ. ನನ್ನ ಕಡೆ ಇತ್ತಂತ ಹೇಳಬ್ಯಾಡ್ರಿ. ವೈನಿ ಮನಸಿಗಿ ಹತ್ತಿಸಿಕೊಂತಾಳ."

ನಾನು ಹಾಗೆಯೇ ಹೇಳಿದೆ. ಅತ್ತೆ ಕೀಲಿಯನ್ನು ಹಿಂದೆ ಮುಂದೆ ತಿರುಗಿಸಿದಳು, ಮೂಗಿನ ಹತ್ತಿರ ಹಿಡಿದಳು.

"ಟಗರಿನ ಕೊಳ್ಳಾಗ ಇತ್ತು?"

"ಹೂಂ."

"ಟಗರು ಎಣ್ಣಿ ಹಚ್ಚಿ ಇಟ್ಟಿತ್ತೇನೋ?"

ಆಕೆ ಉತ್ತರಕ್ಕೆ ಕಾಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಬ್ಯಾಂಕಿಗೆ ನಡೆ ಎಂದಳು.

ಅಧಿಕಾರಿ ತಮ್ಮ ಕೀಲಿ ತಿರುಗಿಸಿದರು, ಅತ್ತೆ ತನ್ನದನ್ನು. ಬಾಗಿಲು ಸದ್ದಿಲ್ಲದೆ ತೆರೆಯಿತು. ಸರ ಇಟ್ಟ ಹಾಗೆಯೇ ಇತ್ತು. "ಕೀಲಿ ಭಾಳ ಚಲೋ ಇಟ್ಟೀರಿ, ಆಜಿಬಾಯಿ," ಎಂದರು ಅವರು.

"ನಾ ಇಟ್ಟಿಲ್ಲರಿ. ನಮ್ಮ ಮೈದುನ ಇಟ್ಟಾನ," ಎಂದಳು ಅತ್ತೆ.

ಮದುವೆಯ ದಿನ ಮಾಳಪ್ಪ ಅಂಗಳದ ಮೂಲೆಯಲ್ಲಿ ನಿಂತಿದ್ದ. ಅತ್ತೆ ಎಲ್ಲರೆದುರಿಗೆ ಅವನನ್ನು ಕರೆದು ಸರವನ್ನು ಅವನ ಕೈಯಲ್ಲಿಟ್ಟಳು. "ನೀನ ಹಾಕು."

"ಏ, ಹೆಂಗಸರ ಕೆಲಸ ಅದು. ನನ್ನ ಕೈ ನೋಡು, ಕುರಿ ನಾರತಾವ."

"ನಾರಲಿ. ಹಾಕಂದ್ರ ಹಾಕು."

ಕೊಂಡಿ ಹಾಕಲು ಅವನ ಒರಟು ಬೆರಳಿಗೆ ಬಹಳ ಹೊತ್ತು ಹಿಡಿಯಿತು. ರುಕ್ಮಾ ತಲೆ ಬಗ್ಗಿಸಿ ತಾಳ್ಮೆಯಿಂದ ಕುಳಿತಿದ್ದಳು. ಹಾಕಿ ಮುಗಿಸಿ ಒಂದು ಹೆಜ್ಜೆ ಹಿಂದೆ ಬಂದು ನೋಡಿದ. "ನಮ್ಮ ಕಾಶಿ ಕೊಳ್ಳಾಗೂ ಹಿಂಗ ಕಾಣತಿತ್ತು," ಎಂದು ಅತ್ತೆಗೆ ಮಾತ್ರ ಕೇಳುವಂತೆ ಹೇಳಿದ. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ಲಾಕರ್ ಭದ್ರವೇ ಎಂದು ಈಗಲೂ ಪರಿಚಯದವರು ಕೇಳುತ್ತಾರೆ. ಭದ್ರ, ಇಡಿ ಎನ್ನುತ್ತೇನೆ. ಆದರೆ ಆ ವರ್ಷ ನನ್ನನ್ನು ಕಾಡಿದ್ದು ಬೇರೆ. ಇಬ್ಬರ ಮಾತು ಕೇಳದೆ ಒಂದು ಸಾಲೂ ಬರೆಯಬಾರದು ಎಂದು ನಮ್ಮ ಸಂಪಾದಕರು ಕಲಿಸಿದ್ದರು. ಪತ್ರಿಕೆಯಲ್ಲಿ ನಾನು ಅದನ್ನು ಕೊನೆಯ ತನಕ ಪಾಲಿಸಿದೆ. ಅತ್ತೆಯ ಮನೆಯಲ್ಲಿ ಮಾತ್ರ ಪಾಲಿಸಲಿಲ್ಲ. ಸರದ ಬಗ್ಗೆ ಯಾಕೆ ಕೇಳಿದೆ ಎಂದು ಮಾಳಪ್ಪ ಮಾಮನನ್ನು ಒಂದು ಮಾತು ಕೇಳಿದ್ದರೆ ಅವನು ಆ ದಿನವೇ ಹೇಳುತ್ತಿದ್ದ. ಅತ್ತೆ ತನ್ನ ತಪ್ಪನ್ನು ಊರ ಮುಂದೆ, ಒಂದು ಸರ ಹಾಕಿಸಿ ಒಪ್ಪಿಕೊಂಡಳು. ನಾನು ನನ್ನ ತಪ್ಪನ್ನು ಅವನಿಗೆ ಹೇಳಲಿಲ್ಲ. ಹೇಳಬೇಕೆಂದು ಅನೇಕ ಸಲ ಬೋರಾಮಣಿಗೆ ಹೋದೆ; ಪ್ರತಿ ಸಲವೂ ಅವನು ನಗುತ್ತ ಎದುರು ಬರುತ್ತಿದ್ದ, ನಾನು ಬೇರೆ ಮಾತು ಆಡಿ ಬರುತ್ತಿದ್ದೆ. ಈಗ ಅವನಿಲ್ಲ.