ಹಸೆಯ ಮೇಲೆ ಚುಚ್ಚಿಕೊಂಡ ಇಂಜೆಕ್ಷನ್

ನನ್ನ ಹೃದಯದ ಒಂದು ಕವಾಟ ಲೋಹದ್ದು. ಹುಟ್ಟಿನಿಂದ ಇದ್ದ ಕವಾಟವನ್ನು ಚಿಕ್ಕಂದಿನ ಕೀಲುಜ್ವರ ಹಾಳುಮಾಡಿತ್ತು. ಕಾಲೇಜಿನಲ್ಲಿದ್ದಾಗ ಆಪರೇಷನ್ ಆಯಿತು. ಮನೆ ನಿಶ್ಶಬ್ದವಾಗಿದ್ದರೆ ಅದರ ಟಿಕ್ ಟಿಕ್ ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ. ಮದುವೆಗೆ ಮುಂಚೆಯೇ ಇದನ್ನೆಲ್ಲ ಹೇಳಿದ್ದೆವು. ಯಾರೂ ಮೋಸಹೋಗಿರಲಿಲ್ಲ.

ಲೋಹದ ಮೇಲೆ ರಕ್ತ ಹೆಪ್ಪುಗಟ್ಟದಂತೆ ವರ್ಷಗಟ್ಟಲೆ ಮಾತ್ರೆ ನುಂಗಿದ್ದೆ. ಗರ್ಭಿಣಿಯಾದಾಗ ಡಾಕ್ಟರು ಅದನ್ನು ನಿಲ್ಲಿಸಿ, ಬೆಳಿಗ್ಗೆ ಸಂಜೆ ಹೊಟ್ಟೆಯ ಚರ್ಮಕ್ಕೆ ನಾನೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಬರೆದರು. "ಒಂದು ಹೊತ್ತೂ ತಪ್ಪಿಸ್ಬೇಡಿ. ಕವಾಟ ಕಚ್ಕೊಂಡ್ರೆ ಜೀವಕ್ಕೇ ಅಪಾಯ" ಎಂದರು. ಗಂಡ, ಅತ್ತೆ ಎದುರಿಗೇ ಇದ್ದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಮಗೂಗೇನೂ ತೊಂದ್ರೆ ಇಲ್ವಲ್ಲ ಡಾಕ್ಟ್ರೇ?"

ಸೀಮಂತ ಚಂದ್ರಾ ಲೇಔಟಿನ ನಮ್ಮ ಮನೆಯಲ್ಲೇ ನಡೆಯಿತು. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಸಂಜೆಯ ಇಂಜೆಕ್ಷನ್ನಿನ ಹೊತ್ತಾಯಿತೆಂದು ಹಸೆಯ ಮೇಲಿಂದಲೇ ಗಂಡನಿಗೆ ಹೇಳಿದೆ. ಒಳಗೆ ಹೋದವರು ಬರಿಗೈಲಿ ಬಂದರು. "ಅಮ್ಮ ಬೀರುಲಿಟ್ಟು ಬೀಗ ಹಾಕಿದಾರೆ" ಎಂದು ನೆಲ ನೋಡಿದರು.

"ಶುಭದ ದಿನ ಬಸುರಿ ಹೊಟ್ಟೆಗೆ ಸೂಜಿ ಚುಚ್ಚಬಾರ್ದು ಕಣಮ್ಮ" ಎಂದರು ಅತ್ತೆ. "ಒಂದ್ ಹೊತ್ತು ತಾನೆ? ಬೆಳಿಗ್ಗೆ ಹಾಕ್ಕೊಳ್ಳುವಂತೆ."

ಕುರುಬರಹಳ್ಳಿಯಿಂದ ಬಂದಿದ್ದ ಗಂಡನ ದೊಡ್ಡಮ್ಮ ನಕ್ಕರು. "ನಾವೆಲ್ಲ ಹೆರಲಿಲ್ವೇನೇ? ಇವಳೊಬ್ಬಳಿಗೇ ಎದೇಲಿ ಗಡಿಯಾರ ಇಟ್ಟವ್ರೆ. ದಿನಾ ಎರಡು ಸಲ ಕೀ ಕೊಡ್ಬೇಕಂತೆ!" ಹೆಂಗಸರೆಲ್ಲ ನಕ್ಕರು.

'ನಿರ್ಲಕ್ಷ್ಯದಿಂದ ಗರ್ಭಿಣಿ ಸಾವು' ಎಂಬ ಶೀರ್ಷಿಕೆಯನ್ನು ನಾನು ಕೆಲಸ ಮಾಡುವ ಪತ್ರಿಕೆಯ ಸುದ್ದಿಮನೆಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅದರ ಕೆಳಗೆ ಆಸ್ಪತ್ರೆಯ ವಿವರವಿರುತ್ತದೆ. ಬೀರುವಿನ ಕೀ ಯಾರ ಸೊಂಟದಲ್ಲಿತ್ತು ಎಂಬುದಿರುವುದಿಲ್ಲ.

"ಕೀ ಕೊಡಿ ಅತ್ತೆ. ಇಲ್ಲಾಂದ್ರೆ ಎದ್ದೆ."

ಆರತಿಯಾಗುವ ಮುಂಚೆ ಬಸುರಿ ಹಸೆಯಿಂದ ಏಳುವುದು ಅಪಶಕುನ. ಒಂದು ಕೈ ನೆಲಕ್ಕೂರಿದೆ. ನನ್ನ ಪ್ರಾಣಕ್ಕೆ ಹೆದರದವರು ಅದಕ್ಕೆ ಹೆದರಿದರು. "ಅಯ್ಯೋ, ಕೂತ್ಕೊಳ್ಳೇ!" ಎನ್ನುತ್ತಲೇ ಅತ್ತೆ ಕೀಗೊಂಚಲನ್ನು ಮಗನ ಕೈಗೆ ಕೊಟ್ಟರು.

ಸೆರಗು ಸರಿಸಿ, ಎಲ್ಲರೆದುರೇ ಚುಚ್ಚಿಕೊಂಡೆ. ಹೆಂಗಸರ ಸೋಬಾನೆ ಹಾಡು ನಿಂತಿತ್ತು. ಟಿಕ್ ಟಿಕ್ ಎಲ್ಲರಿಗೂ ಕೇಳಿಸಿರಬೇಕು.

"ಮಗೂಗೆ ತಗುಲಲಿಲ್ಲ ತಾನೆ?" ಎಂದರು ದೊಡ್ಡಮ್ಮ.

"ಇಲ್ಲ. ನನಗೂ ಏನೂ ಆಗ್ಲಿಲ್ಲ" ಎಂದೆ.

ನನ್ನ ಬಗ್ಗೆ ಯಾರೂ ಕೇಳಿರಲಿಲ್ಲ. ಆರತಿ ತಟ್ಟೆ ಎತ್ತಿದರು.