ಕಂಪ್ಯೂಟರಿನ ಕೆಳಗೆ ಹಾಸಿದ್ದ ಅರ್ಧ ಕಂಬಳಿ

ನಾನು ಕಂಪ್ಯೂಟರ್ ಮಾರಿ, ರಿಪೇರಿ ಮಾಡಿ ಹೊಟ್ಟೆ ಹೊರೆದವನು. ಯಂತ್ರ ಕೆಟ್ಟರೆ ವೈರ್ ನೋಡುತ್ತೇನೆ, ವೋಲ್ಟೇಜ್ ನೋಡುತ್ತೇನೆ, ಕೊನೆಗೆ ಅದನ್ನು ಮುಟ್ಟಿದ ಮನುಷ್ಯನ ಮುಖ ನೋಡುತ್ತೇನೆ. ಬಹಳಷ್ಟು ಸಲ ಕಳ್ಳ ಅಲ್ಲೇ ಸಿಗುತ್ತಾನೆ. ದೆವ್ವ ಗಿವ್ವ ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಂಥ ನಾನೇ ಇದನ್ನು ಹೇಳುತ್ತಿದ್ದೇನೆ ಎಂದರೆ ಸುಮ್ಮನೆ ಹೇಳುತ್ತಿಲ್ಲ. ಶಿರಾದಲ್ಲಿ ಮೂರು ರಾತ್ರಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಂಬತ್ತರ ದಶಕದ ನಡುವಿನ ಮಾತು. ಆಗ ನಮ್ಮ ಕಡೆ ಕಂಪ್ಯೂಟರ್ ಎಂದರೆ ಜನ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಶಿರಾ ಊರಾಚೆಯ ಒಂದು ಉಣ್ಣೆ ನೇಕಾರರ ಸಂಘ ಲೆಕ್ಕಪತ್ರಕ್ಕೆ ಒಂದು ಕಂಪ್ಯೂಟರ್ ಕೊಳ್ಳಬೇಕೆಂದು ತೀರ್ಮಾನಿಸಿತ್ತು. ಪೈಪೋಟಿಗೆ ನಿಂತಿದ್ದು ಎರಡು ಕಂಪನಿ. ಒಂದರ ಕಡೆಯಿಂದ ನಾನು, ಹೊಳವನಹಳ್ಳಿಯವನು. ಇನ್ನೊಂದರ ಕಡೆಯಿಂದ ಪಾವಗಡದ ಪ್ರಸಾದ್. ತೆಳ್ಳಗಿನ ಮೀಸೆ, ಸದಾ ನಗುಮುಖ. ಆ ನಗು ಕಂಡರೇ ನನಗೆ ಅನುಮಾನ.

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. "ಈ ಆರ್ಡರ್ ತಂದ್ರೆ ನೀನು ನಮ್ಮವನು. ತರದಿದ್ರೆ ಹಂಗೇ ಊರಿಗೆ ಹೋಗು, ಇಲ್ಲಿಗೆ ಬರೋ ತೊಂದ್ರೆ ತಗೋಬೇಡ" ಎಂದು ಮಾಲೀಕರು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದರು.

ಸಂಘದ ಸೆಕ್ರೆಟರಿ ರಂಗಣ್ಣ ಜಾಣ ಮನುಷ್ಯ. ನಮ್ಮಿಬ್ಬರ ಬಣ್ಣದ ಮಾತಿಗೂ ಅವರು ಸೊಪ್ಪು ಹಾಕಲಿಲ್ಲ. "ಎತ್ತು ಕೊಳ್ಳೋಕೆ ಮುಂಚೆ ನೇಗಿಲು ಕಟ್ಟಿ ನೋಡಲ್ವೇನ್ರಿ? ಇಬ್ರೂ ಯಂತ್ರ ತಂದಿಡಿ. ಸಂಘದ ಒಂದೇ ಲೆಕ್ಕ ಎರಡಕ್ಕೂ ಕೊಡಣ. ಒಟ್ಟಿಗೆ ಬುಡಣ. ಯಾವ್ದು ಬಿರ್ರನೆ ಮುಗಿಸ್ತದೋ ಅದು" ಎಂದರು. ನಮ್ಮ ಕಸುಬಿನಲ್ಲಿ ಇದಕ್ಕೆ ಬೆಂಚ್‌ಮಾರ್ಕ್ ಎನ್ನುತ್ತಾರೆ. ಆ ಹೆಸರು ಗೊತ್ತಿಲ್ಲದೆಯೇ ಅವರು ಅದನ್ನು ಸರಿಯಾಗಿ ಹಿಡಿದಿದ್ದರು. ಮೂರು ಓಟ, ಮೂರರಲ್ಲಿ ಯಾವುದು ಚೆನ್ನಾಗಿ ಬಂತೋ ಅದನ್ನೇ ಲೆಕ್ಕಕ್ಕೆ ಹಿಡಿಯುವುದು ಎಂದಾಯಿತು. ಹಗಲಲ್ಲಿ ಪಂಪ್‌ಸೆಟ್ಟುಗಳು ಓಡುವಾಗ ಕರೆಂಟು ಮಿಣಮಿಣ ಎನ್ನುತ್ತಿದ್ದರಿಂದ ರಾತ್ರಿಯೇ ಆಗಬೇಕಿತ್ತು.

ಸಂಘದ ಕಟ್ಟಡ ಮೊದಲು ಮಗ್ಗದ ಮನೆಯಾಗಿತ್ತು. ಮುಂದೆ ಹಾಲ್, ಅದರ ಹಿಂದೆ ಕಿಟಕಿಯಿಲ್ಲದ ಒಂದು ಒಳಕೋಣೆ. ಆ ಕೋಣೆಯಲ್ಲಿ ನೆಲ ತೋಡಿ, ಗುಂಡಿಯಲ್ಲಿ ಕಾಲಿಟ್ಟು ನೇಯುವ ಹಳೆಯ ಮಗ್ಗವಿತ್ತಂತೆ. ಮುಂದೆ ಕಂಪ್ಯೂಟರನ್ನು ಅಲ್ಲಿಡಬೇಕೆಂದು ಮಗ್ಗ ಕಿತ್ತು, ಗುಂಡಿ ಮುಚ್ಚಿ ಸಿಮೆಂಟ್ ಬಳಿದಿದ್ದರು. ಸಿಮೆಂಟ್ ಇನ್ನೂ ಹಸಿಯಿದ್ದುದರಿಂದ ನಮ್ಮ ಪರೀಕ್ಷೆ ಹಾಲಿನಲ್ಲಿ.

ನನ್ನ ಯಂತ್ರ ಒಂದು ದಿನ ಮೊದಲೇ ಬಂದಿತ್ತು. ಆ ನೇಕಾರರ ಮನೆಗಳಲ್ಲಿ ಶುಭಕಾರ್ಯಕ್ಕೆ ಕರಿ ಕಂಬಳಿ ಮಡಿಸಿ ಹಾಸಿ, ಗದ್ದುಗೆ ಮಾಡಿ, ಅದರ ಮೇಲೆ ದೇವರನ್ನು ಕೂರಿಸುವುದು ಪದ್ಧತಿ. ಹಾಗೆಯೇ ಮೇಜಿನ ಮೇಲೊಂದು ಕಂಬಳಿ ಹಾಸಿ, ಅದರ ಮೇಲೆ ನನ್ನ ಕಂಪ್ಯೂಟರ್ ಇಡಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದರು. ನನಗೆ ಒಳಗೊಳಗೇ ಹೆಮ್ಮೆ. ಮಾರನೆಯ ದಿನ ಬಂದ ಪ್ರಸಾದನ ಯಂತ್ರಕ್ಕೆ ಬರೀ ಮೇಜು ಸಿಕ್ಕಿತು.

ಮೊದಲನೆಯ ರಾತ್ರಿ ರಂಗಣ್ಣ ಗೋಡೆಗಡಿಯಾರ ನೋಡಿ "ಬುಡಿ" ಎಂದರು. ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದೆವು. ಅದೇ ಲೆಕ್ಕವನ್ನು ನನ್ನ ಯಂತ್ರ ನಮ್ಮ ಆಫೀಸಿನಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುಗಿಸಿತ್ತು. ಇಲ್ಲಿ ಪ್ರಸಾದನದು ಮುಗಿದು, ಪ್ರಿಂಟರ್ ಕಿರುಚಿ, ಅವನು ಬೀಡಿ ಸೇದಿ ಬಂದರೂ ನನ್ನದು ಇನ್ನೂ ತೆವಳುತ್ತಲೇ ಇತ್ತು. ಹೆಚ್ಚುಕಡಿಮೆ ಎರಡು ಪಟ್ಟು ಹೊತ್ತು!

"ಪರವಾಗಿಲ್ಲ ಸಾರ್, ಇನ್ನೂ ಎರಡು ಸಲ ಉಂದಿ ಕದಾ, ಇದೆಯಲ್ಲ" ಎಂದು ಪ್ರಸಾದ್ ತನ್ನ ತೆಲುಗು ಬೆರೆಸಿ ನಕ್ಕ.

ಒಂದು ಯಂತ್ರ ಸರಿಯಾದ ಉತ್ತರವನ್ನೇ ಕೊಡುತ್ತದೆ, ಆದರೆ ಅರ್ಧ ವೇಗದಲ್ಲಿ. ಇದಕ್ಕೆ ನಮ್ಮ ಕಸುಬಿನಲ್ಲಿ ಸಾಮಾನ್ಯವಾಗಿ ಒಂದೇ ಅರ್ಥ. ಅದು ನಿಮ್ಮ ಕೆಲಸದ ಜೊತೆಗೆ ಇನ್ನೊಬ್ಬರ ಕೆಲಸವನ್ನೂ ಮಾಡುತ್ತಿದೆ. ಆದರೆ ನನ್ನದು ಒಬ್ಬರೇ ಕೂರುವ ಯಂತ್ರ. ಇನ್ನೊಬ್ಬರು ಎಲ್ಲಿಂದ ಬರಬೇಕು? ಬಂದರೆ ಪ್ರಸಾದನಿಂದಲೇ ಬರಬೇಕು.

ಮಾರನೆಯ ಹಗಲು ಯಂತ್ರದ ಮುಚ್ಚಳ ಬಿಚ್ಚಿ ನೋಡಿದೆ. ಫ್ಲಾಪಿ ಬದಲಿಸಿದೆ. ಪ್ರಸಾದನ ಪ್ಲಗ್ಗು ನನಗೆ ಕೊಡಿ ಎಂದು ಜಗಳವಾಡಿ ಕಿತ್ತುಕೊಂಡೆ. ಅವನು ಮೂತ್ರಕ್ಕೆ ಹೋದರೂ ಹಿಂದೆ ಹೋದೆ. ನನ್ನ ಬುದ್ಧಿಗೆ ನನಗೇ ನಾಚಿಕೆಯಾಗುತ್ತಿತ್ತು, ಆದರೆ ಬೇರೆ ದಾರಿ ಕಾಣಲಿಲ್ಲ.

ಎರಡನೆಯ ರಾತ್ರಿಯೂ ಅದೇ ಹಾಡು. ಅಷ್ಟೇ ಅಲ್ಲ... ಅವತ್ತು ನನಗೆ ಇನ್ನೇನೋ ಕೇಳಿಸಿತು. ಯಂತ್ರದ ಫ್ಯಾನಿನ ಗುಂಯ್ ಎನ್ನುವ ಸದ್ದಿನ ಅಡಿಯಲ್ಲಿ ಒಂದು ಮೆತ್ತನೆಯ ಪೆಟ್ಟು. ಧಡ್... ಟಕ್. ಧಡ್... ಟಕ್. ಕಿವಿಯನ್ನು ಯಂತ್ರಕ್ಕೆ ಹಚ್ಚಿದರೆ ಅಲ್ಲಿಲ್ಲ. ದೂರ ಸರಿದರೆ ಮತ್ತೆ ಕೇಳುತ್ತದೆ. ಜೊತೆಗೆ ಒಂದು ವಾಸನೆ. ನೆಂದ ಉಣ್ಣೆಯದು, ಮತ್ತೆ ಹುಣಸೆಬೀಜದ ಗಂಜಿಯದು. ಕಂಬಳಿ ಗಡುಸಾಗಲಿ ಎಂದು ನೇಕಾರರು ಬಳಿಯುತ್ತಾರಲ್ಲ, ಅದೇ ಗಂಜಿ.

"ಏನಾದ್ರೂ ಸದ್ದು ಕೇಳ್ತಿದ್ಯೇನ್ರೀ?" ಎಂದು ಪ್ರಸಾದನನ್ನು ಪಿಸುಗುಟ್ಟಿ ಕೇಳಿದೆ.

ಅವನು ಮೊದಲ ಬಾರಿಗೆ ನಗಲಿಲ್ಲ. ಒಳಕೋಣೆಯ ಬಾಗಿಲಿನ ಕಡೆ ನೋಡಿ, ನನ್ನ ಕಡೆ ನೋಡಿ, "ನೀವೇ ಹೇಳ್ಬೇಕು ಸಾರ್" ಎಂದ. ನಾನು ಅವನನ್ನು ಅನುಮಾನಿಸಿದ ಹಾಗೆ ಅವನೂ ನನ್ನನ್ನು ಅನುಮಾನಿಸುತ್ತಿದ್ದಾನೆ ಎಂದು ಆಗ ಹೊಳೆಯಿತು.

ಮೂರನೆಯ ರಾತ್ರಿ. ಹೊರಗೆ ಹಲ್ಲು ಕಟಕಟ ಎನ್ನುವ ಚಳಿ. ಇವತ್ತೂ ಹೀಗೇ ಆದರೆ ನನ್ನ ನೌಕರಿ ಮುಗಿದ ಹಾಗೆ. ಮಧ್ಯಾಹ್ನದಿಂದ ಒಂದು ತುತ್ತು ಒಳಗೆ ಇಳಿದಿರಲಿಲ್ಲ.

ಓಟ ಶುರುವಾಗುವ ಮೊದಲು ಕಾವಲುಗಾರ ಮೂಡ್ಲಪ್ಪ ಟೀ ತಂದ. ಅವನು ಯಾವಾಗಲೂ ಗೇಟಿನ ಹತ್ತಿರವೇ ಇರುತ್ತಿದ್ದವನು, ಹಾಲಿನೊಳಗೆ ಬಂದದ್ದು ಅದೇ ಮೊದಲು. ಲೋಟ ಕೊಡುತ್ತಾ ಕೊಡುತ್ತಾ ಅವನ ಕಣ್ಣು ನನ್ನ ಮೇಜಿನ ಮೇಲೆ ನಿಂತುಬಿಟ್ಟಿತು. ಯಂತ್ರದ ಕೆಳಗಿನಿಂದ ಕಂಬಳಿಯ ಒಂದು ಅಂಚು ಇಳಿಬಿದ್ದಿತ್ತು. ಅಂಚು ಎಂದರೆ ಅಂಚಲ್ಲ, ಕತ್ತರಿಸಿದ ಎಳೆಗಳು ಗಡ್ಡದ ಹಾಗೆ ಜೋತಾಡುತ್ತಿದ್ದವು.

"ಯಾರ್ ಸ್ವಾಮಿ ಇದನ್ನ ಹಾಸಿದ್ದು?" ಅವನ ದನಿ ಇಳಿದುಹೋಗಿತ್ತು.

ರಂಗಣ್ಣ ಬೇರೆ ಕಡೆ ನೋಡಿದರು. "ನಾನೇ ಕಣಯ್ಯ. ಮಾರೋಕಾಗದ ತುಂಡು, ಗದ್ದುಗೆಗಾದ್ರೂ ಆಗ್ಲಿ ಅಂತ..."

"ಕರಿಯಣ್ಣಂದು ಅಲ್ವಾ ಇದು? ಒಳಗ್ಲ ಮಗ್ಗದ್ದು?"

ರಂಗಣ್ಣ ಹೌದೆಂದು ತಲೆಯಾಡಿಸಿದರು. ಮೂಡ್ಲಪ್ಪನೇ ನಮ್ಮ ಕಡೆ ತಿರುಗಿ ಹೇಳಿದ. ಕರಿಯಣ್ಣ ಎಂಬ ಮುದುಕ ಒಳಕೋಣೆಯ ಆ ಮಗ್ಗದಲ್ಲೇ ಜೀವಮಾನ ಕಳೆದವನಂತೆ. ಅರ್ಧ ಕಂಬಳಿ ನೇಯ್ದು, ಮಿಕ್ಕಿದ್ದು ನಾಳೆ ಎಂದು ಎದ್ದು ಹೋದವನು ಆ ರಾತ್ರಿಯೇ ತೀರಿಕೊಂಡ. ಅದನ್ನು ಮುಂದುವರಿಸಲು ಯಾರೂ ಕೈ ಹಾಕಲಿಲ್ಲ. ಕಂಪ್ಯೂಟರ್ ಬರುತ್ತದೆ ಎಂದಾಗ ಮಗ್ಗ ಕಿತ್ತರು, ಕಂಬಳಿ ಕತ್ತರಿಸಿದರು.

"ಮುಗೀದಿರೋ ಕಂಬ್ಳಿನ ಮಗ್ಗದಿಂದ ಕುಯ್ಯಾಕಿಲ್ಲ ಸ್ವಾಮಿ ನಮ್ಮಲ್ಲಿ. ಯಾರಾದ್ರೂ ಕುಂತು ಮುಗ್ಸಿ ಕೊಡ್ಬೇಕು. ಇವ್ರು ಕುಯ್ದಿದ್ದಲ್ದೆ ಗದ್ದುಗೆ ಬೇರೆ ಮಾಡವ್ರೆ. ಕುಂತ್ಕಂಡು ಕೆಲ್ಸ ಮಾಡು ಅಂತ ಕರಿಯಣ್ಣನ್ನೇ ಕರ್ದಂಗೆ ಆಯ್ತಲ್ಲ!"

ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅವತ್ತು ಮಾತ್ರ, ಉಣ್ಣೆಯಿಂದ ಯಂತ್ರಕ್ಕೆ ಏನಾದರೂ ಸಣ್ಣ ಕರೆಂಟು ತಾಕುತ್ತಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಕಂಬಳಿಯನ್ನು ಎಳೆದುಕೊಂಡವನು ಮೂಡ್ಲಪ್ಪ. ನಾನು ಅದನ್ನು ಮುಟ್ಟಲಿಲ್ಲ. ಇದನ್ನು ನೆನಪಿಡಿ. ಅವನು ಅದನ್ನು ಒಳಕೋಣೆಗೆ ಒಯ್ದು, ಗುಂಡಿ ಮುಚ್ಚಿದ ಜಾಗದಲ್ಲಿ ಹಾಸಿ, ಕೈಮುಗಿದು, ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದ.

"ಬುಡಿ" ಎಂದರು ರಂಗಣ್ಣ. ಗುಂಡಿ ಒತ್ತಿದೆವು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಆ ಸದ್ದು ಶುರುವಾಯಿತು. ಧಡ್... ಟಕ್. ಈ ಸಲ ಫ್ಯಾನಿನ ಸದ್ದಿನ ಅಡಿಯಿಂದ ಅಲ್ಲ, ಚಿಲಕ ಹಾಕಿದ ಬಾಗಿಲಿನ ಆಚೆಯಿಂದ. ಮೊದಲು ನಿಧಾನ, ಆಮೇಲೆ ಜೋರು, ಆಮೇಲೆ ಉಸಿರು ಬಿಡಲೂ ಪುರುಸೊತ್ತಿಲ್ಲದ ಹಾಗೆ. ಮೂಡ್ಲಪ್ಪ ಮೆಲ್ಲಗೆ ಎದ್ದು ಗೇಟಿನ ಕಡೆ ಹೋಗಿಬಿಟ್ಟ. ರಂಗಣ್ಣ ಬಾಯೊಳಗೇ ದೇವರ ಹೆಸರು ಹೇಳುತ್ತಿದ್ದರು.

ಲೋಟದ ಟೀ ಇನ್ನೂ ಬೆಚ್ಚಗಿತ್ತು. ನನ್ನ ಪ್ರಿಂಟರ್ ಕಿರುಚಿತು.

ಮುಗಿದಿತ್ತು! ಒಂದು ಗಂಟೆಯ ಕೆಲಸ, ಟೀ ಆರುವುದರೊಳಗೆ. ಎಲ್ಲೋ ತಪ್ಪಾಗಿದೆ ಎಂದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ಪ್ರಸಾದನದು ಮುಗಿದಾಗ ರಂಗಣ್ಣ ಎರಡೂ ಹಾಳೆಗಳನ್ನು ಸಾಲು ಸಾಲಾಗಿ ಹೋಲಿಸಿ ನೋಡಿದರು. ಒಂದಂಕಿ ಹೆಚ್ಚುಕಡಿಮೆ ಇರಲಿಲ್ಲ. ಆ ಯಂತ್ರಕ್ಕೆ ಅಂಥ ವೇಗದಲ್ಲಿ ಓಡುವ ಶಕ್ತಿಯೇ ಇರಲಿಲ್ಲ. ಅದನ್ನು ಮಾರಲು ಬಂದ ನನಗಿಂತ ಅದು ಚೆನ್ನಾಗಿ ಯಾರಿಗೆ ಗೊತ್ತು?

"ಏಮಿ ಸಾರ್ ಇದಿ? ಏನು ಮಾಡಿದ್ರಿ?" ಪ್ರಸಾದ್ ನನ್ನನ್ನೇ ದಿಟ್ಟಿಸುತ್ತಿದ್ದ. ನಾನು ಒಳಕೋಣೆಯ ಬಾಗಿಲ ಕಡೆ ನೋಡಿದೆ. ಒಳಗಿನ ಸದ್ದು ಯಾವಾಗ ನಿಂತಿತೋ ನಮಗೆ ಗೊತ್ತೇ ಆಗಿರಲಿಲ್ಲ.

ರಂಗಣ್ಣ ಮನೆಗೆ ಹೋದರು. ನಾವಿಬ್ಬರೂ ಹಾಲಿನಲ್ಲೇ ಎದುರುಬದುರು ಗೋಡೆಗೆ ಒರಗಿ ಕೂತೆವು, ಒಬ್ಬರನ್ನೊಬ್ಬರು ಕಾಯುತ್ತಾ. ನನಗೆ ಯಾವಾಗ ನಿದ್ದೆ ಹತ್ತಿತೋ ತಿಳಿಯದು.

ಬೆಳಗ್ಗೆ ಮೂಡ್ಲಪ್ಪ ಬಂದು ಚಿಲಕ ತೆಗೆದ. ಒಳಗೆ ಬರೀ ಸಿಮೆಂಟ್ ನೆಲ, ಗಂಜಿಯ ವಾಸನೆ. ಕಂಬಳಿ ಇರಲಿಲ್ಲ. ನಾನು ತಕ್ಷಣ ಪ್ರಸಾದನನ್ನು ನೋಡಿದೆ. ಅವನು ನನ್ನನ್ನು ನೋಡಿ, ಮುಖ ತಿರುಗಿಸಿ, ಪಾವಗಡದ ಬಸ್ಸು ಹಿಡಿಯಲು ಹೊರಟುಹೋದ. ಕದ್ದವನು ಇವನೇ ಎಂದು ನನಗೆ ಖಾತ್ರಿಯಾಯಿತು. ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ನನ್ನ ಬೆರಳ ಸಂದಿಯಲ್ಲಿ ಕರಿ ಉಣ್ಣೆಯ ಎಳೆಗಳಿದ್ದವು. ಗಾಳಿಗೆ ಹಾರಿ ಬಂದಿರಬೇಕು ಎಂದು ತೊಳೆದುಕೊಂಡೆ.

ಆರ್ಡರ್ ನಮಗೇ ಸಿಕ್ಕಿತು, ನೌಕರಿ ಕಾಯಂ ಆಯಿತು. ಆ ಯಂತ್ರ ಅದೇ ಒಳಕೋಣೆಯಲ್ಲಿ ಬಹಳ ಕಾಲ ಕೆಲಸ ಮಾಡಿತು. ಆದರೆ ಆ ರಾತ್ರಿಯ ವೇಗ ಮತ್ತೆ ಒಮ್ಮೆಯೂ ಬರಲಿಲ್ಲ. "ಅವತ್ತು ಹಂಗೆ ಓಡಿತ್ತಲ್ಲ ಸ್ವಾಮಿ" ಎಂದು ರಂಗಣ್ಣ ಪ್ರತಿ ಸಲವೂ ಕೇಳುವುದು, ನಾನು ಮಾತು ಮರೆಸುವುದು.

ಎಷ್ಟೋ ವರ್ಷದ ಮೇಲೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಪ್ರಸಾದ್ ಸಿಕ್ಕಿದ. ಕೂದಲು ನೆರೆತಿತ್ತು, ನಗು ಹಾಗೇ ಇತ್ತು. ಕಾಫಿ ಕುಡಿಯುತ್ತಾ ನಾನೇ ಮಾತು ತೆಗೆದೆ.

"ಈಗಲಾದ್ರೂ ನಿಜ ಹೇಳಿ. ಆ ಕಂಬಳಿ ಏನು ಮಾಡಿದ್ರಿ?"

ಅವನು ಲೋಟ ಕೆಳಗಿಟ್ಟ. "ನನ್ನನ್ನ ಕೇಳ್ತೀರಾ ಸಾರ್? ನಿಮ್ಮ ಮನುಷ್ಯನೇ ಅಲ್ವಾ ತಗೊಂಡು ಹೋಗಿದ್ದು?"

"ನನ್ನ ಮನುಷ್ಯನಾ? ಯಾರು?"

"ಅದೇ ಆ ಮುದುಕ. ಒಳಗೆ ಕೂರಿಸಿದ್ರಲ್ಲ, ಏನೋ ತಂತ್ರ ಮಾಡೋಕೆ. ಬೆಳಗಿನ ಜಾವ ನಾನು ಕಣ್ಣು ಮುಚ್ಚಿದ್ದೆ ಅಷ್ಟೇ, ನಿದ್ದೆ ಮಾಡಿರ್ಲಿಲ್ಲ. ಹೆಗಲ ಮೇಲೆ ಕಂಬಳಿ ಹಾಕ್ಕೊಂಡು ಹೊರಗೆ ಬಂದ. ಪೂರ್ತಿ ಕಂಬಳಿ ಸಾರ್, ಅಂಚು ಗಿಂಚು ಎಲ್ಲ ಕಟ್ಟಿತ್ತು. ನಿಮ್ಮ ಯಂತ್ರದ ಮೇಲೆ ಒಂದು ಸಲ ಕೈಯಾಡಿಸಿ ಹೋದ."

ನಾನೂ ಲೋಟ ಕೆಳಗಿಟ್ಟೆ. "ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತಲ್ರೀ ಪ್ರಸಾದ್..."

"ಹೌದು ಸಾರ್, ಹಾಕಿತ್ತು." ಅವನು ನನ್ನ ಮುಖವನ್ನೇ ನೋಡುತ್ತಾ, ಇನ್ನೂ ಎಷ್ಟು ನಾಟಕ ಆಡುತ್ತೀರಿ ಎನ್ನುವ ಹಾಗೆ ನಕ್ಕ. "ನೀವೇ ಎದ್ದು ಹೋಗಿ ತೆಗೆದ್ರಲ್ಲ. ಕಂಬಳಿನ ಅವನ ಹೆಗಲಿಗೆ ಹೊದಿಸಿ, ಮತ್ತೆ ಚಿಲಕ ಹಾಕಿ, ಬಂದು ಮಲಕೊಂಡ್ರಿ."

ಬಸ್ಸು ಬಂತು, ಅವನು ಹತ್ತಿ ಹೋದ. ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ. ಬೆರಳ ಸಂದಿಯ ಆ ಕರಿ ಎಳೆಗಳು ಆಗ ನೆನಪಿಗೆ ಬಂದವು.